ಫ್ಯಾಷನ್ ಡಿಸೈನ್, ಫ್ಯಾಷನ್ ಟೆಕ್ನಾಲಜಿ: ಯಾವುದು ಓದಲಿ? ಪ್ಯಾಟರ್ನ್ ಮೇಕರ್ ಜೊತೆ ಪ್ರಶ್ನೋತ್ತರ

ಗುಂಪಿನ ಸದಸ್ಯರ ಪ್ರಶ್ನೆಗಳಿಗೆ ಈ ವಾರ ಉತ್ತರಿಸುತ್ತಿರುವವರು ಬೆಂಗಳೂರಿನ ರಫ್ತು ಗಾರ್ಮೆಂಟ್ಸ್ ಒಂದರ ಸ್ಯಾಂಪ್ಲಿಂಗ್ (ಮಾದರಿ ಉಡುಪು ತಯಾರಿಸುವ) ವಿಭಾಗದಲ್ಲಿ ಪ್ಯಾಟರ್ನ್ ಮೇಕರ್, ಅಂದರೆ ಬಟ್ಟೆ ಕತ್ತರಿಸಲು ಬೇಕಾದ ಕಾಗದದ ಅಚ್ಚು ಮಾಡುವವರು.

ಪ್ರಶ್ನೆ (ದ್ವಿತೀಯ ಪಿಯು ವಿದ್ಯಾರ್ಥಿನಿ, ಗದಗ): ಅಕ್ಕಾ, ನಂದು ಪಿಸಿಎಂಬಿ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ನನಗೂ ಇದೇ ಇಷ್ಟ. ಆದರೆ ಚಿತ್ರ ಬಿಡಿಸೋದು ಅಷ್ಟಕ್ಕಷ್ಟೇ. ನಿಫ್ಟ್‌ಗೆ ಹೋಗಬಹುದಾ? ಡಿಸೈನ್ ತಗೊಳ್ಳಲಾ, ಟೆಕ್ನಾಲಜಿ ತಗೊಳ್ಳಲಾ?

ಉತ್ತರ: ಖಂಡಿತ ಹೋಗಬಹುದು. ಮೊದಲು ಎರಡರ ವ್ಯತ್ಯಾಸ ತಿಳ್ಕೊಳ್ಳಿ.

ನಿಫ್ಟ್ ಅಂದರೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಫ್ಯಾಷನ್ ಟೆಕ್ನಾಲಜಿ. ಕೇಂದ್ರ ಜವಳಿ ಸಚಿವಾಲಯದ ಸಂಸ್ಥೆ, ಶುರುವಾಗಿದ್ದು 1986ರಲ್ಲಿ. ಬೆಂಗಳೂರಿನ ಕ್ಯಾಂಪಸ್ ಎಚ್‌ಎಸ್‌ಆರ್ ಬಡಾವಣೆಯಲ್ಲಿದೆ. ಅಲ್ಲಿ ಬಿ.ಡಿಸೈನ್ (ವಿನ್ಯಾಸದ ಓದು) ಮತ್ತು ಬಿ.ಎಫ್.ಟೆಕ್ (ಫ್ಯಾಷನ್ ಟೆಕ್ನಾಲಜಿ, ಅಂದರೆ ಫ್ಯಾಕ್ಟರಿಯಲ್ಲಿ ಉಡುಪು ತಯಾರಿಸುವ ಓದು) ಎರಡೂ ನಾಲ್ಕು ವರ್ಷದ ಕೋರ್ಸ್. ಬಿ.ಡಿಸೈನ್‌ಗೆ ಸೃಜನಶೀಲತೆ ನೋಡುವ ಕ್ಯಾಟ್, ಸಾಮಾನ್ಯ ಸಾಮರ್ಥ್ಯ ನೋಡುವ ಗ್ಯಾಟ್ ಎಂಬ ಎರಡು ಪತ್ರಿಕೆ. ಅದಾದ ಮೇಲೆ ಸಿಚುವೇಶನ್ ಟೆಸ್ಟ್. ಕೊಟ್ಟ ಸಾಮಾನಿನಲ್ಲೇ ಒಂದು ಮಾದರಿ ಕಟ್ಟಿ ತೋರಿಸಬೇಕು. ಬಿ.ಎಫ್.ಟೆಕ್‌ಗೆ ಚಿತ್ರದ ಪರೀಕ್ಷೆಯೇ ಇಲ್ಲ, ಗ್ಯಾಟ್ ಮಾತ್ರ. ಆದರೆ ಪಿಯುಸಿಯಲ್ಲಿ ಗಣಿತ ಓದಿರಬೇಕು. ನಿಮಗೆ ಅದಿದೆ.

ಚಿತ್ರ ಚೆನ್ನಾಗಿಲ್ಲ ಅಂತ ಡಿಸೈನ್ ಕೈಬಿಡಬೇಡಿ. ನಮ್ಮ ಟೇಬಲ್‌ಗೆ ಬರೋದು ಉದ್ದ ಕಾಲಿನ ಚೆಂದದ ಹುಡುಗಿಯ ಚಿತ್ರ ಅಲ್ಲ, ಟೆಕ್ ಪ್ಯಾಕ್. ಬಟ್ಟೆಯನ್ನು ಚಪ್ಪಟೆಯಾಗಿ ಹಾಸಿದರೆ ಹೇಗೆ ಕಾಣುತ್ತೋ ಹಾಗೆ ಗೆರೆ ಎಳೆದು, ಎಲ್ಲಿ ಎಷ್ಟು ಅಳತೆ, ಯಾವ ಹೊಲಿಗೆ, ಇಂಚಿಗೆ ಎಷ್ಟು ಟಾಕೆ ಅಂತ ಬರೆದಿರುತ್ತಾರೆ. ಇದಕ್ಕೆ ಬೇಕಿರೋದು ಕರಾರುವಾಕ್ಕಾದ ಗೆರೆ. ಅಭ್ಯಾಸದಿಂದ ಬರುತ್ತೆ.

ನಿಮ್ಮ ಮನಸ್ಸು ಎಲ್ಲಿ ನಿಲ್ಲುತ್ತೆ ಅಂತ ನೋಡಲು ಮನೆಯಲ್ಲೇ ಒಂದು ಕೆಲಸ ಮಾಡಿ. ಅಮ್ಮ ಹೊಲಿದ ಒಂದು ಹಳೇ ಬ್ಲೌಸ್ ತಗೊಂಡು ಹೊಲಿಗೆ ಪೂರ್ತಿ ಬಿಚ್ಚಿ. ತುಂಡುಗಳಿಗೆ ಇಸ್ತ್ರಿ ಹಾಕಿ, ಕಂದು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಕಂಕುಳ ಹತ್ತಿರದ ತಿರುವು ನೋಡಿ. ಮುಂಭಾಗದ್ದು ಹಿಂಭಾಗಕ್ಕಿಂತ ಜಾಸ್ತಿ ಒಳಗೆ ಕೊರೆದಿರುತ್ತದೆ. ಯಾಕೆ? ನಾವು ಕೈ ಚಾಚೋದು ಮುಂದಕ್ಕೆ. ಮುಂದೆ ಬಟ್ಟೆ ಜಾಸ್ತಿಯಾದರೆ ಸುಕ್ಕು ಬೀಳುತ್ತೆ, ಬೆನ್ನಲ್ಲಿ ಕಡಿಮೆಯಾದರೆ ಹಿಡಿಯುತ್ತೆ. ಟಕ್ಸ್ (ಮೈಗೆ ಕೂರಲು ಬಟ್ಟೆ ಮಡಚಿ ಹಾಕಿದ ಹೊಲಿಗೆ) ಬಿಚ್ಚಿದ ಮೇಲೆ ಆ ತುಂಡು ಎಷ್ಟು ಅಗಲ ಆಗುತ್ತೆ ನೋಡಿ. ಉಬ್ಬಿದ ಮೈಗೆ ಚಪ್ಪಟೆ ಬಟ್ಟೆ ಕೂರಿಸುವ ಗುಟ್ಟೆಲ್ಲಾ ಅಲ್ಲೇ ಇದೆ. ನನಗೆ ಇವತ್ತಿಗೂ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದು.

ಆಗ ನಿಮಗೆ "ಈ ಟಕ್ಸ್ ಜಾಗ ಬದಲಿಸಿದರೆ ಹೊಸ ಬ್ಲೌಸ್ ಆಗುತ್ತಲ್ವಾ" ಅನ್ನಿಸಿದರೆ ಡಿಸೈನ್. "ಇಂಥದ್ದು ಐದು ಸಾವಿರ ಹೊಲಿಯಬೇಕಾದರೆ ಯಾವ ಕ್ರಮದಲ್ಲಿ ಹೊಲಿಯೋದು" ಅನ್ನಿಸಿದರೆ ಟೆಕ್ನಾಲಜಿ. ಅಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಮೊದಲ ವರ್ಷದ ಪಾಠದಲ್ಲಿ ಎಷ್ಟೋ ಅವರಿಗೆ ಕೈಯಲ್ಲೇ ಗೊತ್ತಿರುತ್ತೆ.

ಪ್ರಶ್ನೆ (ವಿದ್ಯಾರ್ಥಿನಿಯ ತಂದೆ, ದಾವಣಗೆರೆ): ಮೇಡಂ, ಖಾಸಗಿ ಕಾಲೇಜಿನವರು ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ. ಫೀಸ್ ಲಕ್ಷಗಟ್ಟಲೆ. ಕೆಲಸ ಗ್ಯಾರಂಟಿ ಅಂತಾರೆ. ನಂಬೋದು ಹೇಗೆ?

ಉತ್ತರ: ಸರ್, ಫೋನಿನಲ್ಲಿ ಏನನ್ನೂ ಒಪ್ಪಿಕೊಳ್ಳಬೇಡಿ. ಮಗಳ ಜೊತೆ ಹೋಗಿ ಲ್ಯಾಬ್ ನೋಡಿ. ಇರೋದು ಮನೆಬಳಕೆಯ ಮಷೀನಾ, ಫ್ಯಾಕ್ಟರಿಯ ಸಿಂಗಲ್ ನೀಡಲ್ ಮಷೀನಾ? ಅಂಚಿನ ದಾರ ಬಿಚ್ಚದ ಹಾಗೆ ಹೊಲಿಯುವ ಓವರ್‌ಲಾಕ್ ಮಷೀನ್ ಇದೆಯಾ? ಒಂದು ಮಷೀನಿಗೆ ಎಷ್ಟು ಮಕ್ಕಳು? ಕಂಪ್ಯೂಟರಿನಲ್ಲಿ ಪ್ಯಾಟರ್ನ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಮಕ್ಕಳು ನಿಜವಾಗಿ ಕೂರುತ್ತಾರಾ? ಗೋಡೆ ಮೇಲಿನ ರ‍್ಯಾಂಪ್ ಫೋಟೊ ಪಕ್ಕಕ್ಕಿಡಿ. ಕೊನೇ ವರ್ಷದವರ ಪ್ಯಾಟರ್ನ್ ಪುಸ್ತಕ ತೋರಿಸಿ ಅನ್ನಿ. ಹೋದ ವರ್ಷ ಮುಗಿಸಿದ ಇಬ್ಬರು ಮೂವರ ಜೊತೆ ನೀವೇ ಮಾತಾಡಿ.

ಪದವಿ ಕೊಡೋದು ಯಾವ ವಿಶ್ವವಿದ್ಯಾಲಯ ಅಂತ ಬರವಣಿಗೆಯಲ್ಲಿ ಕೇಳಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಟ್ಟಿಯಲ್ಲಿದೆಯಾ ನೋಡಿ. ಫೀಸ್ ಬಿಟ್ಟು ಬಟ್ಟೆ, ದಾರ, ಪ್ರಿಂಟ್, ಕೊನೇ ವರ್ಷದ ಕಲೆಕ್ಷನ್ ಅಂತ ಕೈಯಿಂದ ಬೇರೆ ದುಡ್ಡು ಹೋಗುತ್ತೆ. ಅದನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಲಕ್ಷ ಸುರಿಯದೆ ಹೋಗುವ ದಾರಿಗಳೂ ಇವೆ. ಬೆಂಗಳೂರು ವಿಶ್ವವಿದ್ಯಾಲಯದ ಕೋರ್ಸುಗಳಲ್ಲಿ ಫ್ಯಾಷನ್ ಅಂಡ್ ಅಪರೆಲ್ ಡಿಸೈನ್ ಬಿ.ಎಸ್ಸಿ ಇದೆ, ನಾವು ಎಫ್‌ಎಡಿ ಅಂತೀವಿ. ಎಸ್ಸೆಸ್ಸೆಲ್ಸಿ ಆದವರಿಗೆ ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಉಡುಪು ವಿನ್ಯಾಸದ ಡಿಪ್ಲೊಮಾ ಇದೆ. ನೂಲು, ನೇಯ್ಗೆ, ಬಣ್ಣದ ಕಡೆ ಒಲವಿದ್ದರೆ ಬೆಂಗಳೂರಿನ ಎಸ್‌ಕೆಎಸ್‌ಜೆಟಿಐ (ಶ್ರೀ ಕೃಷ್ಣರಾಜೇಂದ್ರ ಸಿಲ್ವರ್ ಜ್ಯೂಬಿಲಿ ಟೆಕ್ನಾಲಜಿಕಲ್ ಇನ್‌ಸ್ಟಿಟ್ಯೂಟ್) ಸರ್ಕಾರಿ ಕಾಲೇಜಿನ ಟೆಕ್ಸ್‌ಟೈಲ್ ಟೆಕ್ನಾಲಜಿ ನೋಡಿ. ಅಲ್ಲಿಗೆ ಪ್ರವೇಶ ಸಿಇಟಿ ಮೂಲಕ.

ಪ್ರಶ್ನೆ (ತುಮಕೂರು): ಹುಡುಗರು ಓದಿದರೆ ಜನ ನಗ್ತಾರಾ?

ಉತ್ತರ: ನಗಲಿ ಬಿಡಿ. ನಮ್ಮ ಕಟಿಂಗ್ ಮಾಸ್ಟರ್‌ಗಳಲ್ಲಿ, ಸ್ಯಾಂಪಲ್ ಟೈಲರ್‌ಗಳಲ್ಲಿ ಗಂಡಸರೇ ಜಾಸ್ತಿ. ಸೇರಿಕೊಳ್ಳಿ.

ಪ್ರಶ್ನೆ (ಎಫ್‌ಎಡಿ ಎರಡನೇ ವರ್ಷ, ಬೆಂಗಳೂರು): ಮೇಡಂ, ನಮಗೆ ಪ್ರೊಡಕ್ಷನ್ ಪೇಪರ್‌ನಲ್ಲಿ ಸ್ಯಾಮ್ ಲೆಕ್ಕ ಇದೆ. ಡಿಸೈನರ್ ಆಗುವವರಿಗೆ ಇದು ಯಾಕೆ?

ಉತ್ತರ: ಸ್ಯಾಮ್ ಅಂದರೆ ಒಂದು ಉಡುಪು ಹೊಲಿಯಲು ಗೊತ್ತುಮಾಡಿದ ನಿಮಿಷ. ಅದರಲ್ಲಿ ದಣಿವು, ದಾರ ಬದಲಿಸೋದು ಎಲ್ಲಾ ಸೇರಿರುತ್ತೆ. ಲೆಕ್ಕ ಹಾಕಿ ನೋಡೋಣ. ಒಂದು ಲೈನಿನಲ್ಲಿ (ಒಂದೇ ಉಡುಪನ್ನು ಭಾಗ ಭಾಗವಾಗಿ ಹೊಲಿಯುವ ಮಷೀನ್‌ಗಳ ಸಾಲು) 30 ಜನ, ದಿನಕ್ಕೆ 480 ನಿಮಿಷ. ಒಟ್ಟು 14,400 ನಿಮಿಷ. ದಕ್ಷತೆ ಶೇ 60 ಅಂದುಕೊಂಡರೆ ಕೈಗೆ ಸಿಗೋದು 8,640. ಶರ್ಟಿನ ಸ್ಯಾಮ್ 20 ಆದರೆ ದಿನಕ್ಕೆ 432 ಶರ್ಟ್. ಈಗ ನೀವು ಜೇಬಿಗೊಂದು ಮುಚ್ಚಳ ಸೇರಿಸಿದಿರಿ, 2 ನಿಮಿಷ ಜಾಸ್ತಿ. 8,640ನ್ನು 22ರಿಂದ ಭಾಗಿಸಿದರೆ 392. ಒಂದೇ ದಿನಕ್ಕೆ 40 ಶರ್ಟ್ ಕಡಿಮೆ!

ಬೈಯರ್, ಅಂದರೆ ನಮಗೆ ಆರ್ಡರ್ ಕೊಡುವ ಕಂಪನಿ, ಬೆಲೆ ಏರಿಸೋಕೆ ಒಪ್ಪದಿದ್ದರೆ ಆ ಹೊರೆ ಲೈನಿನ ಮೇಲೆ ಬೀಳುತ್ತೆ. ಟಾರ್ಗೆಟ್ ಮುಟ್ಟಿಲ್ಲ ಅಂತ ಮಾತು ಕೇಳೋದು ಮಷೀನ್ ಮೇಲೆ ಕೂತ ಹೆಣ್ಣುಮಕ್ಕಳು. ಗೆರೆ ಎಳೆಯುವ ಪ್ರತಿಯೊಬ್ಬರಿಗೂ ಈ ಲೆಕ್ಕ ಬರಲೇಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ. ಮುಚ್ಚಳ ಹಾಕಬೇಡಿ ಅಂತಲ್ಲ. ಅದರ ಎರಡು ನಿಮಿಷ ಬೇರೆಲ್ಲಿ ಉಳಿಸಬಹುದು ಅಂತ ನೋಡಿ.

ಪ್ರಶ್ನೆ (ಬಾಗಲಕೋಟೆ): ಓದು ಮುಗಿಸಿ ಊರಿಗೆ ಬಂದು ಇಳಕಲ್ಲು, ಗುಳೇದಗುಡ್ಡದ ಬಟ್ಟೆಯಲ್ಲಿ ಕೆಲಸ ಮಾಡೋ ಆಸೆ. ಇದಕ್ಕೆ ಈ ಓದು ಉಪಯೋಗಕ್ಕೆ ಬರುತ್ತಾ ಅಕ್ಕಾ?

ಉತ್ತರ: ತುಂಬಾ ಬರುತ್ತೆ. ಗುಳೇದಗುಡ್ಡದ ಖಣ, ಅಂದರೆ ರವಿಕೆ ಬಟ್ಟೆ, ಅದರ ಪನ್ನಾ (ಅಗಲ) ಕಡಿಮೆ, ಅಂಚಿಗೆ ದಡಿ. ಅದನ್ನು ಮಾಮೂಲಿ ಬಟ್ಟೆಯ ಹಾಗೆ ಕತ್ತರಿಸಿದರೆ ಅರ್ಧ ದಡಿ ಚಿಂದಿಗೆ ಹೋಗುತ್ತೆ. ದಡಿ ತೋಳಿನ ಕೊನೆಗೆ ಬರಬೇಕು ಅಂತ ಮೊದಲೇ ತೀರ್ಮಾನಿಸಿ, ಆಮೇಲೆ ಪ್ಯಾಟರ್ನ್ ಮಾಡಿ. ಇಳಕಲ್ಲು ಸೀರೆಯಲ್ಲಿ ಮೈಯ ಹಾಸು (ಉದ್ದದ ಎಳೆಗಳು), ಸೆರಗಿನ ಹಾಸು ಎರಡನ್ನೂ ಕುಣಿಕೆ ಹಾಕಿ ಜೋಡಿಸುವ ಕೊಂಡಿ ಇದೆಯಲ್ಲ, ಅದನ್ನು ಮಗ್ಗದ ಮುಂದೆ ಕೂತೇ ಕಲಿಯಬೇಕು. ಕೊನೇ ವರ್ಷದ ಪ್ರಾಜೆಕ್ಟ್ ಅಲ್ಲೇ ಮಾಡಿ. ನೇಕಾರರಿಗೆ ಸ್ಯಾಂಪಲ್‌ನ ಕೂಲಿಯನ್ನು ಮುಂಗಡವಾಗಿ ಕೊಡಿ. ಹೊಸ ವಿನ್ಯಾಸ ಅಂದರೆ ಅವರ ಮಗ್ಗ ಅಷ್ಟು ದಿನ ನಿಲ್ಲುತ್ತೆ.

ಇನ್ನೊಂದು. ಕೈಮಗ್ಗದ ಹತ್ತಿ ಬಟ್ಟೆ ಒಗೆಯದೆ ಕತ್ತರಿಸಬೇಡಿ. 50 ಸೆಂ.ಮೀ ಚೌಕ ಗುರುತು ಮಾಡಿ, ಒಗೆದು, ಒಣಗಿಸಿ ಮತ್ತೆ ಅಳೆಯಿರಿ. ಹಾಸಿನ ಕಡೆ (ಉದ್ದಕ್ಕೆ), ಹೊಕ್ಕಿನ ಕಡೆ (ಅಡ್ಡಕ್ಕೆ) ಬೇರೆ ಬೇರೆ ಬರೆದಿಡಿ. 50 ಇದ್ದದ್ದು 48 ಆದರೆ ಶೇ 4 ಕುಗ್ಗಿತು. ಹೊಕ್ಕಿನ ಕಡೆ ಹಾಗಾದರೆ 100 ಸೆಂ.ಮೀ ಎದೆ ಸುತ್ತಿನ ಕುರ್ತಾ ಮೊದಲ ಒಗೆತಕ್ಕೇ 96 ಆಗುತ್ತೆ. ಗಿರಾಕಿ ವಾಪಸ್ ತರುತ್ತಾರೆ.

ಪ್ರಶ್ನೆ (ಮೊದಲ ವರ್ಷ, ಮೈಸೂರು): ಕಾಲೇಜು ಶುರುವಾಗೋ ಮುಂಚೆ ಏನು ಕೊಂಡಿಟ್ಟುಕೊಳ್ಳಲಿ?

ಉತ್ತರ: ಹಿಗ್ಗದ ಟೇಪು, ಫ್ರೆಂಚ್ ಕರ್ವ್ (ತಿರುವು ಎಳೆಯುವ ಸ್ಕೇಲು), ಟ್ರೇಸಿಂಗ್ ವೀಲ್ (ಗೆರೆಯ ಗುರುತು ಕೆಳಗಿನ ಕಾಗದಕ್ಕೆ ಒತ್ತುವ ಹಲ್ಲಿನ ಚಕ್ರ), ಒಂದು ಒಳ್ಳೇ ಬಟ್ಟೆ ಕತ್ತರಿ. ಕಾಗದಕ್ಕೆ ಬೇರೆ ಕತ್ತರಿ ಇಟ್ಕೊಳ್ಳಿ. ಮಿಕ್ಕಿದ್ದು ಟೀಚರ್ ಹೇಳಿದ ಮೇಲೆ ತಗೊಂಡರೆ ಸಾಕು.