ಒಂದೇ ಏರೋಮೊನಾಸ್, ಎರಡು ಲ್ಯಾಬಿನಲ್ಲಿ ಎರಡು ಜೋನ್: ಯಾವುದನ್ನು ನಂಬೋದು?

ಪ್ರಶ್ನೆ: ಕಾಟ್ಲಾ, ರೋಹು ಬಿಟ್ಟಿರುವ ಕೊಳ. ಮೀನಿನ ಮೈಮೇಲೆ ಕೆಂಪು ಹುಣ್ಣು, ಮೂತ್ರಪಿಂಡದಿಂದ ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾ ಬಂದಿದೆ. ಆಕ್ಸಿಟೆಟ್ರಾಸೈಕ್ಲಿನ್ (ಆ್ಯಂಟಿಬಯೋಟಿಕ್) ಇರುವ ಡಿಸ್ಕಿಗೆ ನಮ್ಮಲ್ಲಿ 27 ಮಿ.ಮೀ. ಜೋನ್ (ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ), ಅದೇ ಕಲ್ಚರಿಗೆ ಇನ್ನೊಂದು ಲ್ಯಾಬಿನಲ್ಲಿ 20. ನಾವು ಇಟ್ಟಿದ್ದು 28 ಡಿಗ್ರಿಯಲ್ಲಿ, ಅವರು 35ರಲ್ಲಿ. ತಿಳಿದವರು ಸ್ವಲ್ಪ ಹೇಳಿ.

ಉತ್ತರ: ಬೇರೆ ಬೇರೆ ಉಷ್ಣಾಂಶದ ಎರಡು ಅಳತೆಯನ್ನು ಹೋಲಿಸುವ ಹಾಗೇ ಇಲ್ಲ. ಮನುಷ್ಯರ ಸ್ಯಾಂಪಲ್ ನೋಡುವ ಕಡೆ ಇನ್‌ಕ್ಯುಬೇಟರ್ 35ಕ್ಕೇ ಇರುತ್ತದೆ, ಮೀನಿನದನ್ನೂ ಅದರಲ್ಲೇ ಇಟ್ಟುಬಿಡುತ್ತಾರೆ. ಇಂಥ ಏರೋಮೊನಾಸ್‌ಗೆ ಸಿಎಲ್‌ಎಸ್‌ಐನ ವೆಟ್03 (ಲ್ಯಾಬ್ ಮಾನದಂಡ ರೂಪಿಸುವ ಆ ಸಂಸ್ಥೆ ಜಲಚರಗಳಿಗೆ ಕೊಟ್ಟ ಕೈಪಿಡಿ) ಪ್ರಕಾರ 28 ಡಿಗ್ರಿಯಾದರೆ (2 ಹೆಚ್ಚುಕಮ್ಮಿ) 24ರಿಂದ 28 ಗಂಟೆ. ಬ್ಯಾಕ್ಟೀರಿಯಾ ನಿಧಾನ ಬೆಳೆದಷ್ಟೂ ಔಷಧಿಗೆ ಹರಡಲು ಹೆಚ್ಚು ಸಮಯ ಸಿಗುತ್ತದೆ, ಜೋನ್ ಅಗಲವಾಗುತ್ತದೆ. ಪ್ರತಿ ಸಲ ಇ. ಕೋಲೈ ಎಟಿಸಿಸಿ 25922 (ಜೋನ್ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ತಳಿ) ಕೂಡ ಹಾಕಿ, 28 ಡಿಗ್ರಿಗೆ ಕೊಟ್ಟಿರುವ ಮಿತಿಯೊಳಗೆ ಬಂತೇ ನೋಡಿ. ಬರದಿದ್ದರೆ ಆ ದಿನದ ರಿಸಲ್ಟ್ ಪೂರ್ತಿ ಬಿಡಬೇಕು.

ಉತ್ತರ: ಉಷ್ಣಾಂಶ ಸರಿ. ಆದರೆ 7 ಮಿ.ಮೀ. ವ್ಯತ್ಯಾಸ ಅಂದರೆ ಅಗರ್ ಮೇಲೂ ಅನುಮಾನ ಬರುತ್ತದೆ. ಮ್ಯುಲ್ಲರ್ ಹಿಂಟನ್ ಅಗರ್ (ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) 4 ಮಿ.ಮೀ. ದಪ್ಪ ಇರಬೇಕು. 90 ಮಿ.ಮೀ. ಪ್ಲೇಟಿಗೆ ಸುಮಾರು 25 ಮಿಲಿ, ಅದೂ ಸಮತಟ್ಟಾದ ಮೇಜಿನ ಮೇಲೆ ಸುರಿಯಬೇಕು. ಉಳಿತಾಯ ಅಂತ 15 ಮಿಲಿ ಸುರಿದರೆ ತೆಳುವಾಗಿ ಜೋನ್ ದೊಡ್ಡದಾಗುತ್ತದೆ, ರೆಸಿಸ್ಟೆಂಟ್ (ಔಷಧಿಗೆ ಬಗ್ಗದ್ದು) ಆದದ್ದೂ ಸೆನ್ಸಿಟಿವ್ (ಬಗ್ಗುವಂಥದ್ದು) ಅನ್ನಿಸಿಬಿಡುತ್ತದೆ. ಪಿಎಚ್ 7.2ರಿಂದ 7.4. ಅಗರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿಯಿದ್ದರೆ ಟೆಟ್ರಾಸೈಕ್ಲಿನ್ ಅವಕ್ಕೆ ಅಂಟಿಕೊಂಡು ಜೋನ್ ಕುಗ್ಗುತ್ತದೆ. ಅಗರ್ ಕಲಸಲು ಬೋರ್‌ವೆಲ್ ನೀರು ಬೇಡವೇ ಬೇಡ, ಡಿಸ್ಟಿಲ್ಡ್ ವಾಟರ್ ಮಾತ್ರ.

ಉತ್ತರ: ಕೈಕೆಲಸದ ಬಗ್ಗೆ. ಮೊದಲು ಕಲ್ಚರ್ ಶುದ್ಧವಾಗಿದೆಯೇ ನೋಡಿ: ಹುಣ್ಣಿನ ಮೇಲಿಂದ ತೆಗೆದದ್ದರಲ್ಲಿ ಬೇರೆ ಬ್ಯಾಕ್ಟೀರಿಯಾ ಬೆರೆತಿರುತ್ತವೆ. ಮೂತ್ರಪಿಂಡದಿಂದಲೇ ತೆಗೆಯಿರಿ, ಅದೂ ಸಾಯುವ ಸ್ಥಿತಿಯ ಮೀನಿನಿಂದ, ಸತ್ತು ತೇಲಿದ್ದರಿಂದಲ್ಲ. ಟ್ರಿಪ್ಟಿಕ್ ಸೋಯ್ ಅಗರಿನಲ್ಲಿ ಒಂದು ರಾತ್ರಿ ಬೆಳೆದ ನಾಲ್ಕೈದು ಕಾಲನಿ ಎತ್ತಿ ಸಲೈನಿನಲ್ಲಿ ಕದಡಿ 0.5 ಮ್ಯಾಕ್‌ಫಾರ್ಲೆಂಡ್ (ದ್ರವ ಎಷ್ಟು ಮಬ್ಬಾಗಿರಬೇಕು ಅನ್ನುವ ಅಳತೆ) ಮಾಡಿ. ಸ್ಪೆಕ್ಟ್ರೋ (ದ್ರವ ಬೆಳಕನ್ನು ಎಷ್ಟು ತಡೆಯುತ್ತದೆಂದು ಅಳೆಯುವ ಯಂತ್ರ) ಇದ್ದರೆ 625 ನ್ಯಾ.ಮೀ.ನಲ್ಲಿ 0.08ರಿಂದ 0.13. ಕಣ್ಣಂದಾಜು ಬೇಡ: ದಟ್ಟವಾದರೆ ಜೋನ್ ಸಣ್ಣದು, ತೆಳುವಾದರೆ ದೊಡ್ಡದು. 15 ನಿಮಿಷದೊಳಗೆ ಬಳಸಿ. ಸ್ವಾಬನ್ನು ಟ್ಯೂಬಿನ ಗೋಡೆಗೆ ಒತ್ತಿ ಹಿಂಡಿ, ಪ್ಲೇಟನ್ನು 60 ಡಿಗ್ರಿಯಂತೆ ತಿರುಗಿಸುತ್ತಾ ಮೂರು ಸಲ ಬಳಿದು, ಅಂಚನ್ನೂ ಒಂದು ಸುತ್ತು ಸವರಿ. ಫ್ರಿಜ್ಜಿನಿಂದ ತೆಗೆದ ಡಿಸ್ಕ್ ಡಬ್ಬಿ ಕೋಣೆಯ ಉಷ್ಣಾಂಶಕ್ಕೆ ಬರುವ ತನಕ ತೆರೆಯಬೇಡಿ, ತಣ್ಣಗಿರುವಾಗ ತೆರೆದರೆ ಒಳಗೆ ನೀರಾಡಿ ಔಷಧಿ ಹಾಳು. ಡಿಸ್ಕುಗಳ ನಡುಬಿಂದುವಿನ ಅಂತರ 24 ಮಿ.ಮೀ.; 90ರ ಪ್ಲೇಟಿಗೆ ಐದಕ್ಕಿಂತ ಹೆಚ್ಚು ಬೇಡ. ಅಗರಿಗೆ ತಾಗಿದ ಡಿಸ್ಕನ್ನು ಮತ್ತೆ ಸರಿಸಬಾರದು.

ಮತ್ತೊಂದು. ಸಲ್ಫಾ-ಟ್ರೈಮೆಥೊಪ್ರಿಮ್ ಜೋನಿನ ಅಂಚಿನಲ್ಲಿ ಮಸುಕಾದ ಪೊರೆ ಕಾಣುವುದುಂಟು. ಅದನ್ನು ಬಿಟ್ಟು, ಬೆಳವಣಿಗೆ ಸುಮಾರು ನೂರಕ್ಕೆ 80 ಪಾಲು ತಗ್ಗಿದ ಕಡೆ ಕ್ಯಾಲಿಪರ್ (ಅಳತೆ ಸಾಧನ) ಇಡಿ. ಉಳಿದವಕ್ಕೆ ಜೋನಿನ ಒಳಗಿನ ಬಿಡಿ ಕಾಲನಿಗಳನ್ನು ನಿರ್ಲಕ್ಷಿಸಬೇಡಿ, ಎತ್ತಿ ಮತ್ತೆ ಪರೀಕ್ಷಿಸಿ.

ಉತ್ತರ: ಆಂಪಿಸಿಲಿನ್ 10 ಮೈಕ್ರೋಗ್ರಾಂ ಡಿಸ್ಕ್ ಒಂದನ್ನು ಸುಮ್ಮನೆ ಜೊತೆಗೆ ಇಡಿ. ಏರೋಮೊನಾಸ್ ಸಾಮಾನ್ಯವಾಗಿ ಅದಕ್ಕೆ ಜಗ್ಗುವುದಿಲ್ಲ. ದೊಡ್ಡ ಜೋನ್ ಬಂದರೆ ಬ್ಯಾಕ್ಟೀರಿಯಾ ಗುರುತಿಸಿದ್ದೇ ತಪ್ಪೇನೋ ಅಂತ ನೋಡಿ. ಓದುವಾಗ ಆಸ್ಪತ್ರೆ ಗೋಡೆಯ ಚಾರ್ಟ್ ಬೇಡ, ಅದರ ಗಡಿಗಳು ಮನುಷ್ಯರ ರಕ್ತದಲ್ಲಿ ಸಿಗುವ ಔಷಧಿ ಮಟ್ಟಕ್ಕೆ ಹೊಂದಿಸಿದವು. ಮೀನಿಗೆ ಸಿಎಲ್‌ಎಸ್‌ಐನದೇ ವೆಟ್04 ಇದೆ. ಅದರಲ್ಲಿ ಹೆಚ್ಚಾಗಿ ಸಿಗುವುದು ಸಹಜ ತಳಿ ಯಾವುದು, ಪ್ರತಿರೋಧ ಗಳಿಸಿದ್ದು ಯಾವುದು ಎಂದು ಬೇರ್ಪಡಿಸುವ ಗಡಿ. ಔಷಧಿ ಕೊಟ್ಟರೆ ಮೀನು ವಾಸಿಯಾಗುತ್ತದೋ ಇಲ್ಲವೋ ಅನ್ನುವುದನ್ನು ಅದು ಹೇಳುವುದಿಲ್ಲ.

ಉತ್ತರ: ಕೊಳದ ಕಡೆಯಿಂದ ಒಂದು ಮಾತು. ವರದಿಯಲ್ಲಿ ಸೆನ್ಸಿಟಿವ್ ಬಂದರೂ, ಹುಣ್ಣಾದ ಮೀನು ಮೇವು ಬಿಟ್ಟಿದ್ದರೆ ಮೇವಿನಲ್ಲಿ ಬೆರೆಸಿದ ಔಷಧಿ ಅದರ ಹೊಟ್ಟೆಗೆ ಹೋಗುವುದಿಲ್ಲ, ಚೆನ್ನಾಗಿರುವ ಮೀನೇ ತಿಂದು ಮುಗಿಸುತ್ತದೆ. ಗಡಸು ನೀರಿಗೆ ಆಕ್ಸಿಟೆಟ್ರಾಸೈಕ್ಲಿನ್ ಸುರಿದರೂ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೀನಿನಲ್ಲಿ ಅದರ ಉಳಿಕೆಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಹಾಕಿದ ಮಿತಿಯಿದೆ. ಹಿಡಿದು ಮಾರುವ ತಾರೀಕನ್ನು ಪಶುವೈದ್ಯರಿಗೆ ಮೊದಲೇ ತಿಳಿಸಿ, ಔಷಧಿ ಕೊಡಬೇಕೇ ಎಂದು ಆಮೇಲೆ ತೀರ್ಮಾನಿಸಿ.

ಪ್ರಶ್ನೆ ಕೇಳಿದವರು: ಧನ್ಯವಾದ. ನಮ್ಮ ಪ್ಲೇಟಿಗೆ 18 ಮಿಲಿ ಹಾಕುತ್ತಿದ್ದದ್ದು ನಿಜ. 25 ಮಿಲಿಯಲ್ಲಿ, 25922 ಜೊತೆಗಿಟ್ಟು ಮತ್ತೆ ಹಾಕುತ್ತೇವೆ.