ಫ್ರೀಜರಿನಲ್ಲಿಟ್ಟ ಕಡಲ ನೀರಿನ ಉಪ್ಪಿನಂಶ ಸರಿಯಾಗಿ ಸಿಗುತ್ತಿಲ್ಲ

ಪ್ರಶ್ನೆ (ಉಡುಪಿಯಿಂದ):
ಅಕ್ವೇರಿಯಂಗಾಗಿ ಮಲ್ಪೆಯಿಂದ ತರುವ ಕಡಲ ನೀರನ್ನು ಮುಂದೆ ಹೋಲಿಸಿ ನೋಡಲೆಂದು ಸ್ವಲ್ಪ ಬಾಟಲಿಯಲ್ಲಿ ತುಂಬಿ ಫ್ರೀಜರಿನಲ್ಲಿಡುತ್ತೇನೆ. ತಂದ ದಿನ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ 34 (ಸಾವಿರ ಪಾಲು ನೀರಿಗೆ 34 ಪಾಲು ಉಪ್ಪು) ಇದ್ದ ನೀರನ್ನು ಹೊರತೆಗೆದು, ಮೊದಲು ಕರಗಿದ ಹನಿಗಳನ್ನು ಪರೀಕ್ಷಿಸಿದರೆ ಅಳತೆ 100ರ ಗೆರೆಯನ್ನೂ ದಾಟಿತು. ಅದನ್ನು ಬಸಿದು ಉಳಿದ ಗಡ್ಡೆಯನ್ನು ಕರಗಿಸಿದಾಗ ಬಂದದ್ದು ಬರೀ 9. ಗಡ್ಡೆಯ ನಡುಭಾಗವಂತೂ ಬೆರಳಿಟ್ಟರೆ ಒತ್ತಿಹೋಗುವಷ್ಟು ಮೆತ್ತಗಿತ್ತು. ಮೀಟರ್ ಕೆಟ್ಟಿದೆಯೇ?

ಉತ್ತರ (ಮಂಗಳೂರಿನಿಂದ):
ಮೀಟರ್ ಸರಿಯಾಗಿಯೇ ಇದೆ ಸರ್, ಬಾಟಲಿಯೊಳಗಿನ ಉಪ್ಪು ಜಾಗ ಬದಲಿಸಿದೆ. ನೀರಿನ ಅಣುಗಳು ಮಂಜುಗಡ್ಡೆಯ ಹರಳಾಗಿ ಕೂಡಿಕೊಳ್ಳುವಾಗ ಸೋಡಿಯಂ, ಕ್ಲೋರೈಡ್ ಅಯಾನುಗಳಿಗೆ ಅಲ್ಲಿ ಎಡೆಯಿಲ್ಲದ ಕಾರಣ, ಬೆಳೆಯುವ ಹರಳು ಅವನ್ನು ಇನ್ನೂ ಹೆಪ್ಪುಗಟ್ಟದ ನೀರಿನತ್ತ ತಳ್ಳುತ್ತದೆ. ಹೆಪ್ಪುಗಟ್ಟುವಿಕೆ ಬಾಟಲಿಯ ಅಂಚಿನಿಂದ ಒಳಕ್ಕೆ ಸಾಗುವುದರಿಂದ ನಡುವಿನ ನೀರು ಗಾಢವಾಗುತ್ತಲೇ ಹೋಗುತ್ತದೆ, ಮತ್ತು ಗಾಢವಾದಷ್ಟೂ ಅದು ಹೆಪ್ಪುಗಟ್ಟಲು ಹೆಚ್ಚು ಚಳಿ ಬೇಕಾಗುತ್ತದೆ. ಕಡಲ ನೀರು ಸುಮಾರು −1.9 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಆದರೆ ಅಡುಗೆ ಉಪ್ಪಿನ ದ್ರಾವಣ ಪೂರ್ತಿ ಗಟ್ಟಿಯಾಗಲು −21 ಡಿಗ್ರಿಗಿಂತ ಕೆಳಗಿಳಿಯಬೇಕು. ಮನೆಯ ಫ್ರೀಜರ್ ಸಾಮಾನ್ಯವಾಗಿ −18ರಲ್ಲಿ ನಿಲ್ಲುತ್ತದೆ. ಅಲ್ಲಿ ದ್ರವವಾಗಿ ಉಳಿಯುವ ನೀರಿನಲ್ಲಿ ಸುಮಾರು ಶೇ. 21ರಷ್ಟು ಉಪ್ಪಿರುವುದರಿಂದ, ಲೆಕ್ಕ ಹಾಕಿದರೆ ನಿಮ್ಮ ಬಾಟಲಿಯ ಸುಮಾರು ಆರನೆಯ ಒಂದು ಪಾಲು ಹೆಪ್ಪುಗಟ್ಟಿಯೇ ಇರಲಿಲ್ಲ. ಮೊದಲು ಕರಗಿತೆಂದು ನೀವು ಪರೀಕ್ಷಿಸಿದ ಹನಿಗಳಲ್ಲಿ ಹೆಚ್ಚಿನವು ಗಟ್ಟಿಯಾಗದೆ ಉಳಿದಿದ್ದವೇ.

ಉಳಿದ ಗಡ್ಡೆಯಲ್ಲಿ 9 ಏಕೆ ಬಂತೆಂದರೆ, ಬೇಗ ಹೆಪ್ಪುಗಟ್ಟುವಾಗ ಹರಳುಗಳು ಕವಲೊಡೆದು ಬೆಳೆದು ಉಪ್ಪುನೀರನ್ನು ಸಣ್ಣ ಸಣ್ಣ ಪೊಟ್ಟರೆಗಳಲ್ಲಿ ಹಿಡಿದಿಡುತ್ತವೆ. ಅದಷ್ಟೂ ಬಸಿದು ಹೋಗುವುದಿಲ್ಲ.

ಇನ್ನು ಮುಂದೆ ಮುಚ್ಚಳ ತೆರೆಯದೆ ಎಲ್ಲವನ್ನೂ ಕರಗಿಸಿ, ಕೋಣೆಯ ಬಿಸಿಗೆ ಬಂದ ಮೇಲೆ ಬಾಟಲಿಯನ್ನು ಹಲವು ಬಾರಿ ತಲೆಕೆಳಗು ಮಾಡಿ ಅಳೆಯಿರಿ. ತಳದಲ್ಲಿ ಬಿಳಿ ಹುಡಿ ಕಂಡರೆ ಅದು ಕರಗುವವರೆಗೆ ಕಾಯಿರಿ, ಸುಮಾರು −8 ಡಿಗ್ರಿಯಲ್ಲೇ ಕಡಲ ನೀರಿನಲ್ಲಿರುವ ಸೋಡಿಯಂ ಸಲ್ಫೇಟ್ ಎಂಬ ಲವಣ ಹರಳಾಗಿ ಬೇರ್ಪಡತೊಡಗುತ್ತದೆ. ನನ್ನನ್ನು ಕೇಳಿದರೆ, ಉಪ್ಪಿನಂಶವೊಂದನ್ನೇ ನೋಡಲು ಫ್ರೀಜರ್ ಬೇಕಿಲ್ಲ. ನೀರು ಆವಿಯಾಗದಂತೆ ಬಿಗಿಯಾಗಿ ಮುಚ್ಚಿ ಕಪಾಟಿನಲ್ಲಿಟ್ಟರೆ ಸಾಕು.

ಮರುಪ್ರಶ್ನೆ:
ಪೂರ್ತಿ ಕರಗಿಸಿ ಕಲಕಿದಾಗ 34 ಬಂತು, ಧನ್ಯವಾದ. ಬೇಸಿಗೆಯಲ್ಲಿ ಉಪ್ಪಾಗುವ ಬಾವಿ ನೀರನ್ನು ಹೀಗೆ ಸಿಹಿಯಾಗಿಸಬಹುದೇ?

ಉತ್ತರ:
ಒಂದು ಮಟ್ಟಿಗೆ ಆಗುತ್ತದೆ. ಪಾತ್ರೆಯ ಬದಿಗೂ ತಳಕ್ಕೂ ಥರ್ಮೋಕೋಲ್ ಸುತ್ತಿ, ಮೇಲಿನಿಂದ ಮಾತ್ರ ನಿಧಾನವಾಗಿ ಹೆಪ್ಪುಗಟ್ಟಲು ಬಿಟ್ಟು, ಅರ್ಧದಷ್ಟಾದಾಗ ಕೆಳಗಿನ ನೀರನ್ನು ಚೆಲ್ಲಿ, ಗಡ್ಡೆಯನ್ನು ಸಿಹಿನೀರಿನಲ್ಲಿ ಒಮ್ಮೆ ತೊಳೆಯಬೇಕು. ಉಪ್ಪು ಕಡಿಮೆಯಾದರೂ ರೋಗಾಣುಗಳು ಸಾಯುವುದಿಲ್ಲ, ಕುದಿಸಿಯೇ ಕುಡಿಯಬೇಕು. ಮನೆಮಂದಿಗೆಲ್ಲ ಸಾಕಾಗುವಷ್ಟು ಮಾಡಹೊರಟರೆ ಕರೆಂಟ್ ಬಿಲ್ಲು ಕಟ್ಟಿ ಪೂರೈಸದು.