ಸಹಾಯ ಬೇಕು: ಆಕ್ವಾ ಡಿ ಜಿಯೋಗೆ ಅಷ್ಟು ದುಡ್ಡು ಕೊಡಬಹುದಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಮಂಗಳೂರಿನಲ್ಲಿ ಮೊದಲ ಕೆಲಸ ಸಿಕ್ಕಿದೆ. ಅವನಿಗೆ ಒಂದು ಒಳ್ಳೆಯ ಸೆಂಟ್ ಕೊಡಿಸಬೇಕು ಅಂತ ಆಸೆ. ಅರ್ಮಾನಿಯ ಆಕ್ವಾ ಡಿ ಜಿಯೋ ಮೇಲೆ ಮನಸ್ಸಿದೆ, ಆದರೆ ಬೆಲೆ ಜಾಸ್ತಿ.

ಅಂಗಡಿಯಲ್ಲಿ ಕೈಗೆ ಹಾಕಿಸಿಕೊಂಡು ನೋಡಿದೆ. ಮೊದಲು ನಿಂಬೆ, ಕಿತ್ತಳೆ ಥರದ ಘಮ. ಆಮೇಲೆ ಪಣಂಬೂರು ಬೀಚಿನಲ್ಲಿ ನಿಂತಾಗ ಮುಖಕ್ಕೆ ಬಡಿಯುವ ಗಾಳಿಯ ಹಾಗೆ ಉಪ್ಪುಪ್ಪು ತಂಪು, ಜೊತೆಗೆ ತುಸು ಮಲ್ಲಿಗೆ. ನಿಜಕ್ಕೂ ತುಂಬಾ ಹಿಡಿಸಿತು. ಈ ಕಡಲಿನ ಛಾಯೆ ಬರುವುದು ಕ್ಯಾಲೋನ್ ಎಂಬ ರಾಸಾಯನಿಕದಿಂದಂತೆ. 1996ರಲ್ಲಿ ಆಲ್ಬರ್ಟೋ ಮೊರಿಯಾಸ್ ಎಂಬ ಸೆಂಟ್ ತಯಾರಕ ಮಾಡಿದ್ದು ಇಂದಿಗೂ ಓಡುತ್ತಿದೆ ಅಂದರೆ ಅದರಲ್ಲಿ ಏನೋ ಇರಲೇಬೇಕು, ಅಲ್ವಾ?

ನನ್ನ ಚಿಂತೆ ಬಾಳಿಕೆಯದ್ದು. ಇಂಥ ಹಗುರ ಘಮ ಬೇಗ ಹಾರಿಹೋಗುತ್ತದೆ. ಮಂಗಳೂರಿನ ಸೆಕೆಯಲ್ಲಿ, ಬಸ್ಸಿನಲ್ಲಿ ಬೆವರುತ್ತಾ ಹೋಗುವವನಿಗೆ ಮಧ್ಯಾಹ್ನದವರೆಗಾದರೂ ಉಳಿಯುತ್ತದಾ? ಇದರ ಹಗುರ ಬಗೆಯಾದ ಓ ಡಿ ಟಾಯ್ಲೆಟ್ ಸಾಕಾ, ಅಥವಾ ಇನ್ನಷ್ಟು ಗಾಢವಾದ ಓ ಡಿ ಪರ್ಫ್ಯೂಮ್ ತೆಗೆದುಕೊಳ್ಳಲಾ?

ಡೇವಿಡಾಫ್ ಕೂಲ್ ವಾಟರ್ ಕೂಡ ನೋಡಿದೆ. ಅದು 1988ರದ್ದು, ಇದಕ್ಕಿಂತ ಎಷ್ಟೋ ಅಗ್ಗ. ಪುದೀನ, ಲ್ಯಾವೆಂಡರ್ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ನನ್ನ ಮೂಗಿಗೆ ಸ್ವಲ್ಪ ಶೇವಿಂಗ್ ಸೋಪಿನ ಕಡೆ ವಾಲಿತು. ಆಫೀಸಿಗೆ ಅದೇ ಸರಿ ಅನ್ನುವವರೂ ಇರಬಹುದು.

ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗುವುದನ್ನು ನಂಬಲು ಭಯ. ಅಸಲಿ ಯಾವುದು, ನಕಲಿ ಯಾವುದು ಅಂತ ನೀವು ಹೇಗೆ ಗುರುತಿಸುತ್ತೀರಿ? ಚಿಕ್ಕ ಬಾಟಲಿ ಕೊಂಡು ನೋಡುವುದು ಒಳ್ಳೆಯದಾ? ಉಡುಪಿ, ಮಂಗಳೂರು, ಕಾರವಾರದ ಕಡೆ ಇದನ್ನು ದಿನಾ ಹಾಕಿಕೊಳ್ಳುವವರು ದಯವಿಟ್ಟು ತಿಳಿಸಿ. ಅವನು ಮುಂದಿನ ವಾರ ಕೆಲಸಕ್ಕೆ ಸೇರುತ್ತಾನೆ, ಅಷ್ಟರೊಳಗೆ ಕೊಳ್ಳಬೇಕು.